ನಿಜಲಿಂಗಪ್ಪನ ಎಡಗಾಲು

ಶೇಖರಪ್ಪನಿಗೆ ಯಾರ ಮಾತಿನ ಮೇಲೂ ಒಂದೇ ಸಲಕ್ಕೆ ನಂಬಿಕೆ ಹುಟ್ಟುತ್ತಿರಲಿಲ್ಲ. ಹಾಲಿನ ಬಾಟಲಿಯ ಮೇಲಿನ ತಾರೀಖು ಸರಿಯಾಗಿದ್ದರೂ ಮುಚ್ಚಳ ತೆಗೆದು ಮೂಸಿ ನೋಡುವವನು. ಕೌನ್ಸಿಲ್‌ನವರು ರಸ್ತೆ ಅಗೆಯಲು ಬಂದರೆ, ಇವರು ನಿಜಕ್ಕೂ ಕೌನ್ಸಿಲ್‌ನವರೇ ಹೌದೋ ಅಲ್ಲವೋ ಎಂದು ಪರದೆ ಸರಿಸಿ ಕಿಟಕಿಯಲ್ಲಿ ನಿಂತುಬಿಡುವವನು. ಜಿಪಿ ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಹೆಂಡತಿ ವಿಜಯಾ ನೋಡಿ ಹೂಂ ಅನ್ನದ ಹೊರತು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ವಿಜಯಾ ನರ್ಸು. ಅವಳಿಗೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದಲೇ ಧಾರವಾಡದ ಈ ಬಿಎಸ್ಸಿ ಪದವೀಧರ ಅವಳ ಬೆನ್ನಿಗೆ ಇಲ್ಲಿಗೆ ಬಂದದ್ದು. ಬಂದವನು ಕೆಲವು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸಿ, ಆಮೇಲೆ ರೈಲಿನಲ್ಲಿ ಟಿಕೆಟ್ ಇನ್ಸ್‌ಪೆಕ್ಟರ್ ಆದ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಆ ಕೆಲಸ ಅವನ ಸ್ವಭಾವಕ್ಕೆ ಕೂತುಬಿಟ್ಟಿತು.

ಟಿಕೆಟ್ ಇಲ್ಲದವರನ್ನು ಅವನು ಗದರಿಸಿದ್ದೇ ಇಲ್ಲ. ಪಕ್ಕದಲ್ಲಿ ನಿಂತು, ಎಲ್ಲಿ ಹತ್ತಿದಿರೆಂದು ಕೇಳಿಕೊಂಡು, ಬಹಳ ಸ್ನೇಹದ ದನಿಯಲ್ಲಿ, "ನೀವು ಹತ್ತಿದ ಸ್ಟೇಷನ್ನಿನಲ್ಲಿ ಲಿಫ್ಟ್ ಕೆಟ್ಟು ಎಲ್ಲರಿಗೂ ಬಹಳ ತೊಂದರೆಯಾಯಿತಂತಲ್ಲ?" ಎಂದು ಕೇಳುತ್ತಿದ್ದ. ಹೌದು ಹೌದು, ಬಹಳ ತೊಂದರೆ ಎಂದವನು ಅಲ್ಲಿಗೆ ಸಿಕ್ಕಿಬಿದ್ದ ಹಾಗೆ. ಆ ಸ್ಟೇಷನ್ನಿನಲ್ಲಿ ಲಿಫ್ಟೇ ಇರುತ್ತಿರಲಿಲ್ಲ.

ಕಳೆದ ವರ್ಷ ನಿವೃತ್ತನಾದ. ಕೆಲಸ ಹೋದರೂ ಅಭ್ಯಾಸ ಹೋಗಲಿಲ್ಲ. ಮಾಡಲು ಬೇರೇನೂ ಇಲ್ಲದೆ, ಭಾನುವಾರ ವಿಜಯಾಳನ್ನು ಕಾರಿನಲ್ಲಿ ಕೆಂಟನ್ನಿನ ಚರ್ಚ್ ಹಾಲಿಗೆ ಕರೆದುಕೊಂಡು ಹೋಗುತ್ತಿದ್ದ. ಒಳಗೆ ಅವಳು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವಾಗ, ಹೊರಗಿನ ಪಡಸಾಲೆಯಲ್ಲಿ ಮಕ್ಕಳ ಅಪ್ಪಂದಿರು, ಅಜ್ಜಂದಿರು ಫ್ಲಾಸ್ಕಿನ ಚಹಾ ಕುಡಿಯುತ್ತ, ಒಗ್ಗರಣೆ ಹಾಕಿದ ಚುರುಮುರಿ ತಿನ್ನುತ್ತ ಕೂರುತ್ತಿದ್ದರು. ಮಾತು ಮನೆ ಬೆಲೆ, ಸಟನ್ನಿನ ಗ್ರಾಮರ್ ಸ್ಕೂಲಿನ ಸೀಟು ಎಲ್ಲ ಸುತ್ತಿ ಕೊನೆಗೆ ಫುಟ್‌ಬಾಲಿಗೇ ಬಂದು ನಿಲ್ಲುತ್ತಿತ್ತು. ಇಂಗ್ಲೆಂಡಿನ ಫುಟ್‌ಬಾಲ್ ಅಲ್ಲ. ಎಂಬತ್ತರ ದಶಕದಲ್ಲಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಿಜಾಪುರ, ಗದಗಿನ ಕಾಲೇಜುಗಳು ತಮ್ಮ ತಮ್ಮಲ್ಲೇ ಆಡುತ್ತಿದ್ದ ಅಂತರ ಕಾಲೇಜು ಪಂದ್ಯಾವಳಿಯ ಫುಟ್‌ಬಾಲು. ಆ ವಲಯದಲ್ಲಿ ಎಲ್ಲರಿಗಿಂತ ಹೆಸರಾದ ಆಟಗಾರ ಯಾರು? ಇದೇ ಜಗಳ.

ಜಗಳದ ಮುಖ್ಯಸ್ಥ ಬೆಳಗಾವಿಯ ವಿಶ್ವನಾಥ. ಆಡಿದವನಲ್ಲ, ಆದರೆ ಒಂದು ಪಂದ್ಯವನ್ನೂ ಬಿಡದೆ ನೋಡಿದವನು. ಅವನ ಪ್ರಕಾರ ಒಳ್ಳೆಯ ಹನ್ನೊಂದು ಜನರ ತಂಡ ಕಟ್ಟಿದರೆ ಎಂಟು ಜನ ಬೆಳಗಾವಿಯವರೇ ಇರಬೇಕು. ಬೆಂಗಳೂರಿನ ಅಮರ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದವನು, ವಯಸ್ಸಿನಲ್ಲಿ ಇವರಿಗಿಂತ ಬಹಳ ಚಿಕ್ಕವನು. ಒಂದು ಭಾನುವಾರ ಅವನಿಗೆ ಸಾಕಾಗಿಹೋಯಿತು.

"ಸಾರ್, ಪ್ರತಿವಾರ ಇದೇ ಆಯ್ತು. ಸಮ್ಮರ್‌ನಲ್ಲಿ ನಮ್ಮ ಸ್ಪೋರ್ಟ್ಸ್ ಡೇ ಆದ್ಮೇಲೆ ಒಂದಿನ ಕೂತು ಫೈನಲ್ ಮಾಡ್ಬಿಡಿ. ಸಾರ್ವಕಾಲಿಕ ಹನ್ನೊಂದು. ನಾನು ಪೋಸ್ಟರ್ ಮಾಡಿ ಗ್ರೂಪಿಗೆ ಹಾಕ್ತೀನಿ. ಆಮೇಲೆ ಯಾರೂ ಬಾಯಿ ಬಿಡಂಗಿಲ್ಲ."

ಅಂದಿನಿಂದ ಜಗಳಕ್ಕೆ ಗಂಭೀರತೆ ಬಂತು. ಒಬ್ಬೊಬ್ಬರೇ ಒಪ್ಪಿಗೆಯಾಗುತ್ತ ಬಂದರು. ಎಡಬದಿಯ ಮುಂಚೂಣಿ ಆಟಗಾರನ ಬಗ್ಗೆ ಮಾತ್ರ ವಿಶ್ವನಾಥನೂ ತಕರಾರು ತೆಗೆಯಲಿಲ್ಲ. "ಅಲ್ಲಿ ಬಿಜಾಪುರದ ನಿಜಲಿಂಗಪ್ಪನ ಬಿಟ್ಟರ ಯಾರೂ ಇಲ್ಲ. ಎಂಬತ್ತೇಳರ ಫೈನಲ್ ನೆನಪೈತಿಲ್ಲೋ? ಧಾರವಾಡದವರ ಮ್ಯಾಲೆ ಮೂರು ಗೋಲ. ಮೂರೂ ಎಡಗಾಲಲೆ. ಮೂರನೇದಕ್ಕಂತೂ ಆ ಗೋಲಕೀಪರ್ ಮಗಾ ನಿಂತಲ್ಲೇ ನಿದ್ದಿ ಮಾಡಾಕತ್ತಿದ್ದ."

ಎಲ್ಲರೂ ನಕ್ಕರು. ಶೇಖರಪ್ಪ ಚಹಾದ ಲೋಟದೊಳಗೆ ನೋಡುತ್ತ ಕುಳಿತ. ಆ ಗೋಲ್‌ಕೀಪರ್ ಅವನೇ. ಕಾಲೇಜಿನಲ್ಲಿ ಸ್ವಲ್ಪ ಆಡುತ್ತಿದ್ದೆ ಎಂದಷ್ಟೇ ಇವರಿಗೆಲ್ಲ ಹೇಳಿದ್ದ. ಆ ಫೈನಲ್ಲಿನ ಮಾತು ವಿಜಯಾಳ ಹೊರತು ಲಂಡನ್ನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಲಂಡನ್ನಿನ ಆ ತುದಿಯ ಸಟನ್ನಿನಿಂದ ಗಂಡ ಹೆಂಡತಿ ಇಬ್ಬರು ಹಾಲಿಗೆ ಬಂದರು. ಮಗಳು ಮದುವೆಯಾಗಿ ಇಲ್ಲೇ ಹತ್ತಿರದ ಹ್ಯಾರೋದಲ್ಲಿ ಮನೆ ಮಾಡಿದ್ದಳು, ಮೊಮ್ಮಗನನ್ನು ಕನ್ನಡ ಕ್ಲಾಸಿಗೆ ಸೇರಿಸಲು ಇವರೇ ಕರೆತಂದಿದ್ದರು. ಗಂಡ ಎತ್ತರದ ಆಳು, ಸ್ವಲ್ಪ ಬಗ್ಗಿದ ಬೆನ್ನು, ದಪ್ಪ ಕನ್ನಡಕ. ಸಟನ್ ಕಡೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಹೆಸರು ಕೇಳಿದಾಗ ಮೆಲ್ಲಗೆ, "ನಿಜಲಿಂಗಪ್ಪ. ಊರು ಬಿಜಾಪುರ," ಎಂದ.

ವಿಶ್ವನಾಥನ ಕೈಯಲ್ಲಿದ್ದ ಚುರುಮುರಿ ಬಾಯಿಗೆ ಹೋಗದೆ ನಿಂತಿತು. "ಬಿಜಾಪುರದ ನಿಜಲಿಂಗಪ್ಪ? ಎಂಬತ್ತೇಳರ ಫೈನಲ್ಲಿನ?"

ಆತ ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡು ನಕ್ಕ. ಹೌದೆಂದದ್ದು ಅವನ ಹೆಂಡತಿ ಸೌಂದರ್ಯಾ. "ಅವರ ಅದಾರ್ರಿ ಇವರು. ನಮ್ಮಪ್ಪ ಫುಟ್‌ಬಾಲ್ ಹುಚ್ಚ. ಕಲಬುರಗ್ಯಾಗ ಪೇಪರಿನ್ಯಾಗ ಇವರ ಹೆಸರ ಓದಿ, ಹುಡುಗ ಅಂದ್ರ ಇಂಥಾವ ಇರಬೇಕು ಅಂತ ಮನಿ ಹುಡುಕ್ಕೊಂಡು ಹೋಗಿ ಲಗ್ನ ಗಟ್ಟಿ ಮಾಡಿದ್ರು."

ಪಡಸಾಲೆಯಲ್ಲಿ ಹಬ್ಬದ ಗದ್ದಲವಾಯಿತು. ಅಮರ ಓಡಿಬಂದು ಫೋಟೋ ತೆಗೆದುಕೊಂಡ. ಎಲ್ಲರೂ ಕೈ ಕುಲುಕಿದರು. ಶೇಖರಪ್ಪನೂ ಕುಲುಕಿದ. ಕುಲುಕುವಾಗಲೇ ಅವನೊಳಗೆ ಏನೋ ಕಚ್ಚಿದಂತಾಯಿತು.

ಆ ಎಡಗಾಲಿನ ಹುಡುಗನ ಮುಖ ಅವನಿಗೆ ನೆನಪಿರಲಿಲ್ಲ. ಎದುರು ಬಿಸಿಲಿತ್ತು, ಮೂವತ್ತೆಂಟು ವರ್ಷ ಕಳೆದುಹೋಗಿದ್ದವು. ನೆನಪಿದ್ದದ್ದು ಬೇರೆ. ಅಂದು ಬಿಜಾಪುರದ ಹುಡುಗರು "ನಿಜಲಿಂಗಪ್ಪಾ, ಪಾಸ್" ಎಂದು ಎಷ್ಟು ಕೂಗಿದರೂ ಅವನು ತಿರುಗುತ್ತಿರಲಿಲ್ಲ. ಎರಡನೇ ಸಲ, ಮೂರನೇ ಸಲ ಕೂಗಬೇಕಾಗುತ್ತಿತ್ತು. ಆ ಹುಡುಗನಿಗೆ ಕಿವಿ ಮಂದ ಎಂದೇ ಶೇಖರಪ್ಪ ತಿಳಿದಿದ್ದ. ಈಗ ನೋಡಿದರೆ, ಹಾಲಿನ ಆ ಮೂಲೆಯಿಂದ ಯಾರೋ ಪಿಸುದನಿಯಲ್ಲಿ ಹೆಸರೆತ್ತಿದರೂ ಈ ನಿಜಲಿಂಗಪ್ಪ ಗಕ್ಕನೆ ಹೊರಳಿ ನೋಡುತ್ತಿದ್ದ.

ಶೇಖರಪ್ಪ ತನ್ನ ಹಳೆಯ ಉಪಾಯ ತೆಗೆದ. ಚಹಾ ಕೊಡುವ ನೆಪದಲ್ಲಿ ಪಕ್ಕಕ್ಕೆ ಹೋಗಿ ಕುಳಿತು, "ಅವತ್ತ ಏನ್ ಮಳಿರೀ, ಅಬ್ಬಾ! ಗ್ರೌಂಡ್ ಎಲ್ಲಾ ಕೆಸರ. ಅಂಥಾದ್ರಾಗ ಹೆಂಗ್ ಆಡಿದ್ರಿ?" ಎಂದ.

ನಿಜಲಿಂಗಪ್ಪ ಒಂದು ಕ್ಷಣ ಅವನನ್ನು ನೋಡಿದ. "ಹೌದ್ರಿ. ಭಾಳ ಮಳಿ ಇತ್ತು," ಎಂದ.

ಅದು ಫೆಬ್ರವರಿ ತಿಂಗಳ ಧಾರವಾಡ. ಒಂದು ಹನಿಯೂ ಬಿದ್ದಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಶೇಖರಪ್ಪ ಸ್ಟೇರಿಂಗ್ ಹಿಡಿದುಕೊಂಡೇ, "ಆಂವ ಖೊಟ್ಟಿ ಅದಾನ, ಅಸಲ ಅಲ್ಲ," ಎಂದ.

ವಿಜಯಾ ಮಕ್ಕಳ ಕಾಪಿ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. "ಯಾರು?"

"ಸಟನ್ನಿನಾಂವ. ಬರೇ ಹೆಸರ ಕೂಡೇತಿ ಅಂತ ಮೆರಿಯಾಕತ್ತಾನ."

"ಎಲ್ಲಿ ಮೆರದ? ಪಾಪ, ಬಾಯಿನ ಬಿಡಲಿಲ್ಲ. ಅಷ್ಟಕ್ಕೂ ಆಂವ ಖೊಟ್ಟಿ ಆದ್ರ ನಿಮಗೇನಾತು? ಟಿಕೆಟ್ ತಗೋಳಲಾರದ ಹತ್ತ್ಯಾನೇನು?"

ತನಗೇನಾಯಿತೆಂದು ಶೇಖರಪ್ಪನಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಆ ಮೂರು ಗೋಲುಗಳ ನಂತರ ಅವನನ್ನು ತಂಡದಿಂದ ತೆಗೆದರು. ಮೂರನೆಯ ಗೋಲಿನ ಹೊತ್ತಿಗೆ ಕಣ್ಣಿಗೆ ಧೂಳು ಬಿದ್ದಿತ್ತು ಎಂದು ಹೇಳಿದರೆ ಕೋಚ್ ಕೇಳಲಿಲ್ಲ, ಗೆಳೆಯರು ನಂಬಲಿಲ್ಲ. ನೆವ ಹೇಳುತ್ತಾನೆ ಎಂದರು. ಮುಂದೆ ಅವನು ಚೆಂಡು ಮುಟ್ಟಲಿಲ್ಲ. ತನ್ನನ್ನು ಅಷ್ಟು ಕೆಳಗಿಳಿಸಿದವನು ಎಲ್ಲೋ ಇದ್ದಾನೆ, ಅವನು ನಿಜವಾಗಿಯೂ ಅಂಥ ಆಟಗಾರನಾಗಿದ್ದ ಎಂಬುದೊಂದೇ ಇಷ್ಟು ವರ್ಷ ಸಮಾಧಾನ. ಆ ಜಾಗದಲ್ಲಿ ಮಳೆಯಿತ್ತು ಎನ್ನುವವನು ಬಂದು ಕೂತರೆ?

ಜೂನಿನ ಸ್ಪೋರ್ಟ್ಸ್ ಡೇಗೆ ಹ್ಯಾರೋದ ಮೈದಾನದಲ್ಲಿ ಮಕ್ಕಳ ಓಟ, ಹೆಂಗಸರ ಹಗ್ಗಜಗ್ಗಾಟ ಎಲ್ಲ ಮುಗಿದಿತ್ತು. ಅಮರ ಚೆಂಡೊಂದನ್ನು ತಂದು ನಿಜಲಿಂಗಪ್ಪನ ಮುಂದಿಟ್ಟ. "ಸಾರ್, ಒಂದೇ ಒಂದು ಕಿಕ್. ವಿಡಿಯೋ ಮಾಡ್ಕೋತೀನಿ. ಲೆಜೆಂಡ್ ನೀವು."

ಯಾರೂ ಕರೆಯದಿದ್ದರೂ ಶೇಖರಪ್ಪ ಹೋಗಿ ಗೋಲಿನ ಕಂಬಗಳ ನಡುವೆ ನಿಂತ. ಹೊಟ್ಟೆ ಬಂದಿತ್ತು, ಮೊಣಕಾಲು ಹಿಡಿದಿತ್ತು. ಆದರೂ ಕೈ ಅಗಲಿಸಿ ಬಗ್ಗಿ ನಿಂತಾಗ ಮೈಗೆ ಹಳೆಯ ನೆನಪು ಬಂತು.

ನಿಜಲಿಂಗಪ್ಪ ಚೆಂಡನ್ನು ಗುರುತಿಲ್ಲದ ನಾಯಿಯನ್ನು ನೋಡುವ ಹಾಗೆ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಒದೆಯಲೆಂದು ಮೇಲೆದ್ದದ್ದು ಬಲಗಾಲು. ಅರ್ಧಕ್ಕೇ ತಡೆದು ನೆಲಕ್ಕಿಟ್ಟ. "ಮೊಣಕಾಲ ನೋವದ. ಬ್ಯಾಡ್ರಿ," ಎಂದ. ಜನ ಅಯ್ಯೋ ಎಂದು ಮರುಗಿದರು. ಸೌಂದರ್ಯಾ ಓಡಿಬಂದು ಅವನ ತೋಳು ಹಿಡಿದುಕೊಂಡಳು. ಅವಳ ತಲೆಯ ಮೇಲಿನಿಂದ ಅವನು ಗೋಲಿನಲ್ಲಿ ನಿಂತವನತ್ತ ನೋಡಿದ. ಶೇಖರಪ್ಪ ಇಷ್ಟು ವರ್ಷ ರೈಲಿನಲ್ಲಿ ನೋಡಿದ್ದ ನೋಟವೇ ಅದು. ಸಿಕ್ಕಿಬಿದ್ದೆನೆಂದು ಗೊತ್ತಾದವನ ನೋಟ.

ಮರುದಿನವೇ ಫೋನು ಬಂತು. "ಶೇಖರಪ್ಪನವರ, ನಿಮ್ಮ ಕೂಡ ಮಾತಾಡಬೇಕು. ಸಟನ್ನಿಗೆ ಬರ್ತೀರೇನು? ಮನಿಗಿ ಬ್ಯಾಡ. ಸ್ಟೇಷನ್ ಮುಂದಿನ ಕಾಫಿ ಅಂಗಡಿಗಿ ಬರ್ರಿ."

ಮನೆಗೆ ಯಾಕೆ ಬೇಡ ಎಂಬುದರ ಮೇಲೂ ಶೇಖರಪ್ಪನಿಗೆ ಅನುಮಾನ. ಏನೋ ಕಥೆ ಕಟ್ಟಿಕೊಂಡು ಕೂತಿರುತ್ತಾನೆ, ನಾನೂ ಕೇಳಿ ಬರುತ್ತೇನೆ ಎಂದು ಇಡೀ ಲಂಡನ್ನನ್ನು ದಾಟಿ ಹೋದ.

ನಿಜಲಿಂಗಪ್ಪ ಆಸ್ಪತ್ರೆಯ ಬ್ಯಾಡ್ಜು ಕೊರಳಲ್ಲಿಟ್ಟುಕೊಂಡೇ ಕುಳಿತಿದ್ದ. ಶೇಖರಪ್ಪ ಕೂತ ಕೂಡಲೇ, ಪೀಠಿಕೆಯಿಲ್ಲದೆ, "ಮಳಿ ಇದ್ದಿಲ್ಲ, ಹೌದಿಲ್ಲೋ?" ಎಂದ.

"ಇದ್ದಿಲ್ಲ."

"ನೀವು ಕೇಳಿದ ಕೂಡ್ಲೆ ನನಗ ತಿಳೀತು, ಏನೋ ಗುಂಡಿ ತೋಡ್ಯಾರ ಅಂತ. ಆದ್ರ ಮಳಿ ಇತ್ತೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕ್ರಿ? ಅವತ್ತ ನಾ ಧಾರವಾಡದಾಗ ಇದ್ದಿಲ್ಲ. ಅಕ್ಕನ ಲಗ್ನದಾಗ ಪಾನಕಾ ಹಂಚ್ಲಿಕತ್ತಿದ್ದೆ."

ಆತ ಎಲ್ಲವನ್ನೂ ಬಿಚ್ಚಿ ಹೇಳಿದ. ನಿಜಲಿಂಗಪ್ಪ ಕಾಲೇಜಿನಲ್ಲಿ ಓದಿದ್ದು ನಿಜ, ಆದರೆ ಮೈದಾನದ ಕಡೆ ತಲೆ ಹಾಕಿದವನಲ್ಲ. ಅವರ ಊರಿನಲ್ಲಿ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ದಸ್ತಗೀರ ಎಂಬ ಹುಡುಗನಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅವನ ಎಡಗಾಲನ್ನು ನೋಡಿದ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಅವನನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಆದರೆ ಆಡಲು ಕಾಲೇಜಿನ ವಿದ್ಯಾರ್ಥಿಯ ಹೆಸರು ಬೇಕಿತ್ತು. ರಜೆ ಹಾಕಿ ಮದುವೆಗೆ ಹೋಗಿದ್ದ ಹುಡುಗನ ಹೆಸರು ಕೈಗೆ ಸಿಕ್ಕಿತು.

"ಮದುವಿ ಮುಗಿಸ್ಕೊಂಡು ಬಸ್‌ಸ್ಟ್ಯಾಂಡಿನ್ಯಾಗ ಇಳೀತೀನಿ, ಪೇಪರ್ ಮಾರೋ ಹುಡುಗ ನನ್ನ ಹೆಸರ ಒದರ್ಲಿಕತ್ತಾನ! ನಿಜಲಿಂಗಪ್ಪನ ಮೂರು ಗೋಲು ಅಂತ. ಗುರುತಿನವರು ಬಂದು ಬೆನ್ನ ಚಪ್ಪರಸ್ಲಿಕತ್ತಿದ್ರು. ಮಾಸ್ತರ್ ಕಿವ್ಯಾಗ ಹೇಳಿದ್ರು, ಬಾಯಿ ಬಿಟ್ಟಿ ಅಂದ್ರ ಕಾಲೇಜಿನ ಮಾನಾ ಹೋಗ್ತದ ಅಂತ. ಸುಮ್ಮನಾದೆ. ಆಡೀನಿ ಅಂತ ನಾ ಒಮ್ಮಿನೂ ಹೇಳಿಲ್ರಿ. ಇಲ್ಲಾ ಅಂತನೂ ಹೇಳಿಲ್ಲ. ಮುಂದ ಮಾವನವರು ಬಂದ್ರು, ಲಗ್ನ ಆತು. ಇನ್ನ ಯಾವಾಗ ಹೇಳ್ಲಿ?"

ಕೂಗಿದರೂ ತಿರುಗದ ಹುಡುಗ ಶೇಖರಪ್ಪನ ಕಣ್ಣ ಮುಂದೆ ಬಂದ. ಕಿವುಡನಲ್ಲ. ಅದು ಅವನ ಹೆಸರೇ ಅಲ್ಲ. ಎಲ್ಲ ಸರಿಯಾಗಿ ಕೂಡುತ್ತಿತ್ತು. ಅಷ್ಟು ಸರಿಯಾಗಿ ಕೂಡಿದ್ದೇ ಶೇಖರಪ್ಪನಿಗೆ ಇನ್ನೊಂದು ಅನುಮಾನ ತಂದಿತು. ಟಿಕೆಟ್ ಇಲ್ಲದವರ ಕಥೆಗಳೂ ಹೀಗೇ ಎಲ್ಲೂ ಹರಿಯದ ಹಾಗೆ ಹೊಲಿದಿರುತ್ತವೆ.

"ಆ ದಸ್ತಗೀರ ಈಗ ಅದಾನೇನು?"

"ಅದಾನ. ಸ್ವಂತ ಅಂಗಡಿ ಹಾಕ್ಯಾನ. ಊರಿಗಿ ಹೋದಾಗ ಭೆಟ್ಟಿ ಆಗ್ತೀನಿ. ಆ ಮಾತ ಮಾತ್ರ ನಾವು ಎತ್ತೂದಿಲ್ಲ."

"ಫೋನ್ ಹಚ್ಚರಿ."

ನಿಜಲಿಂಗಪ್ಪ ಹಿಂದೆಮುಂದೆ ನೋಡಿ ವಿಡಿಯೋ ಕಾಲ್ ಹಚ್ಚಿದ. ಪರದೆಯ ಮೇಲೆ ನರೆತ ಗಡ್ಡದ ಮನುಷ್ಯನೊಬ್ಬ ಮೂಡಿದ. ಹಿಂದೆ ತಲೆಕೆಳಗಾಗಿ ನಿಲ್ಲಿಸಿದ ಸೈಕಲ್, ಹೊರಗೆ ಸಂಜೆಯ ಬಿಸಿಲು. ಶೇಖರಪ್ಪ ಯಾರೆಂದು ನಿಜಲಿಂಗಪ್ಪ ಹೇಳುವ ಮೊದಲೇ, ಶೇಖರಪ್ಪ ಫೋನನ್ನು ಅವನ ಕೈಯಿಂದ ತೆಗೆದುಕೊಂಡು, "ನಮಸ್ಕಾರ್ರಿ. ನಾ ಧಾರವಾಡದಾಂವ. ಎಂಬತ್ತೇಳರ ಫೈನಲ್ ನೋಡೇನಿ. ಏನ್ ಮಳಿ ಅವತ್ತ!" ಎಂದ.

"ಮಳಿ?" ದಸ್ತಗೀರ ಮುಖವನ್ನು ಪರದೆಯ ಹತ್ತಿರ ತಂದ. "ಎಲ್ಲೀ ಮಳಿರೀ ಯಪ್ಪಾ? ಬರೇ ಧೂಳ. ಗಾಳಿ ಬಿಟ್ಟಿತ್ತು. ಮೂರನೇ ಗೋಲಿಗಿ ನಿಮ್ಮ ಗೋಲಕೀಪರ್ ಕಣ್ಣ ತಿಕ್ಕೋತ ನಿಂತಿದ್ದ. ಪಾಪ, ಅವನ ಕಣ್ಣಾಗ ಧೂಳ ಹೋಗಿತ್ತು. ನಾ ನೋಡ್ದೆ. ನೋಡಿನೂ ಹೊಡದೆ. ಬಾಲ್ ಕಾಲಾಗ ಬಂದ ಮ್ಯಾಗ ಹೊಡೀಲಾರದ ಹ್ಯಾಂಗ ಬಿಡ್ತಾರ್ರಿ?"

ಶೇಖರಪ್ಪ ಫೋನು ಹಿಡಿದುಕೊಂಡೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಪಕ್ಕದ ಮೇಜಿನ ಹೆಂಗಸೊಬ್ಬಳು ಇವನತ್ತ ತಿರುಗಿ ನೋಡಿದಳು.

"ಆ ಗೋಲಕೀಪರ್ ನಾನ," ಎಂದ ಕೊನೆಗೆ. "ಧೂಳ ಬಿದ್ದೈತಿ ಅಂದ್ರ ಯಾರೂ ನಂಬಲಿಲ್ಲ."

"ನನ್ನ ಕೇಳಿದ್ರ ನಾ ಹೇಳ್ತಿದ್ದೆ," ಎಂದು ದಸ್ತಗೀರ ನಕ್ಕ. "ನನ್ನ ಯಾರ ಕೇಳ್ತಾರ? ನಾ ಅಲ್ಲಿ ಇದ್ದೇ ಇಲ್ಲ."

ಸಟನ್ನಿನ ಆ ಕಾಫಿ ಅಂಗಡಿಯಲ್ಲಿ ಮೂವರೂ ಬಹಳ ಹೊತ್ತು ಮಾತಾಡಿದರು. ಲಂಡನ್ನಿನವರು ಹನ್ನೊಂದು ಜನರನ್ನು ಆರಿಸುತ್ತಿದ್ದಾರೆ, ಎಡಬದಿಗೆ ನಿನ್ನ ಆಟವನ್ನೇ ಎಲ್ಲರೂ ಒಪ್ಪಿದ್ದಾರೆ ಎಂದು ಶೇಖರಪ್ಪ ಹೇಳಿದಾಗ ದಸ್ತಗೀರನ ಮುಖ ಗಂಭೀರವಾಯಿತು. ಇರಲಿ ಬಿಡ್ರಿ, ಈಗ್ಯಾಕೆ ಎನ್ನಬಹುದು ಎಂದು ಶೇಖರಪ್ಪ ಎಣಿಸಿದ್ದ. ಹಾಗಾಗಲಿಲ್ಲ.

"ನನ್ನ ಹೆಸರ ಹಾಕಸ್ರಿ," ಎಂದ ದಸ್ತಗೀರ. "ಮೊಮ್ಮಕ್ಕಳಿಗಿ ಹೇಳಿದ್ರ, ಅಜ್ಜಾ ಬರೇ ಸುಳ್ಳ ಹೇಳ್ತಾನ ಅಂತಾವ. ಲಿಂಗಪ್ಪಾ, ನೀ ಏನಂತಿ?"

ನಿಜಲಿಂಗಪ್ಪ ಕನ್ನಡಕ ಒರೆಸುತ್ತ ಕುಳಿತ. "ಮನ್ಯಾಗ ಇವಳಿಗಿ ಹೇಳಬೇಕಲ್ಲ ಮೊದ್ಲ," ಎಂದ.

ಮುಂದಿನ ವಾರ ಶೇಖರಪ್ಪನಿಗೆ ಊಟ ಸೇರಲಿಲ್ಲ. ಈ ಮನುಷ್ಯ ಹೇಳುವುದಿಲ್ಲ, ಮೊಣಕಾಲು ನೋವೆಂದು ಮನೆಯಲ್ಲೇ ಉಳಿಯುತ್ತಾನೆ ಎಂದು ದಿನಕ್ಕೆರಡು ಸಲ ವಿಜಯಾಳ ಮುಂದೆ ಗೊಣಗಿದ.

"ನೀವ ಹೇಳ್ತೀರೇನು ಹಂಗಾರ?" ಎಂದು ಅವಳು ಕೇಳಿದಳು.

"ಅದು ಅವನ ಕೆಲಸ."

"ಮತ್ತ ಸುಮ್ಮ ಕೂಡ್ರಿ."

ಆಯ್ಕೆಯ ಭಾನುವಾರ ಪಡಸಾಲೆ ತುಂಬಿತ್ತು. ಅಮರ ಲ್ಯಾಪ್‌ಟಾಪ್ ತೆರೆದು ಒಂದೊಂದೇ ಹೆಸರು ಓದುತ್ತಿದ್ದ. ಗೋಲ್‌ಕೀಪರ್ ಬೆಳಗಾವಿಯವನು. ಶೇಖರಪ್ಪನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಅವನೂ ಅದನ್ನು ಬಯಸಿರಲಿಲ್ಲ. ಅವನ ಕಣ್ಣೆಲ್ಲ ಬಾಗಿಲ ಮೇಲೆ. ಸಟನ್ನಿನವರು ತಡವಾಗಿ ಬಂದರು. ಸೌಂದರ್ಯಾ ಯಾರ ಮುಖವನ್ನೂ ನೋಡದೆ ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತಳು, ಗಂಡನಿಂದ ಎರಡು ಕುರ್ಚಿ ಬಿಟ್ಟು.

"ಲೆಫ್ಟ್ ವಿಂಗ್, ನಮ್ಮ ಲೆಜೆಂಡ್," ಎಂದು ಅಮರ ಶುರುಮಾಡುವಷ್ಟರಲ್ಲಿ ನಿಜಲಿಂಗಪ್ಪ ಎದ್ದು ನಿಂತ.

ಅವನು ಚೆನ್ನಾಗಿ ಮಾತಾಡಲಿಲ್ಲ. ತಡವರಿಸಿದ, ಒಂದೇ ಮಾತನ್ನು ಎರಡು ಸಲ ಹೇಳಿದ. ಆದರೆ ಎಲ್ಲವನ್ನೂ ಹೇಳಿದ. ಮದುವೆ, ಮೇಷ್ಟ್ರು, ಸೈಕಲ್ ಅಂಗಡಿ, ದಸ್ತಗೀರ. ಮುಗಿಸಿ ಕುಳಿತಾಗ ಒಳಗಿನ ಕೋಣೆಯಲ್ಲಿ ಮಕ್ಕಳು ಒಟ್ಟಿಗೆ ಕಾಗುಣಿತ ಹೇಳುವುದು ಕೇಳಿಸುತ್ತಿತ್ತು.

ಮೊದಲು ಬಾಯಿ ಬಿಟ್ಟವನು ವಿಶ್ವನಾಥ. "ಹಂಗಾರ ಆ ಕಪ್ಪು ಬಿಜಾಪುರದ್ದಲ್ಲ! ಮೋಸ!" ಎಂದು ಮೇಜು ಗುದ್ದಿದ. ಆಮೇಲೆ ಇನ್ನೊಂದು ಹೊಳೆಯಿತು. "ಇರ್ರಿ. ಕಾಲೇಜ್ ಆಟಗಾರರ ಹನ್ನೊಂದು ಇದು. ಆ ದಸ್ತಗೀರ ಕಾಲೇಜಿಗೇ ಹೋಗಿಲ್ಲ. ಅಂವನ ಹೆಸರ ಹೆಂಗ ಹಾಕೂದು? ಇವರು ಆಡೇ ಇಲ್ಲ. ಇವರದೂ ಹಾಕಾಕ ಬರಂಗಿಲ್ಲ."

"ಹಂಗಾದ್ರೆ ಎಡಗಡೆ ಯಾರೂ ಬೇಡ್ವಾ? ಹತ್ತು ಜನಾನಾ?" ಎಂದು ಅಮರ ತಲೆ ಕೆರೆದುಕೊಂಡ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆಟ ಮುಖ್ಯ ಎಂದವರು ಕೆಲವರು, ನಿಯಮ ಮುಖ್ಯ ಎಂದವರು ಕೆಲವರು. ಗದ್ದಲದ ನಡುವೆ ಶೇಖರಪ್ಪ ಎದ್ದ. ಅವನು ಅಲ್ಲಿ ಎದ್ದು ಮಾತಾಡಿದ್ದು ಅದೇ ಮೊದಲು.

"ನಿದ್ದಿ ಮಾಡಿದ ಗೋಲಕೀಪರ್ ಅಂತಿದ್ದೆಲ್ಲ ವಿಶ್ವನಾಥಾ, ಆಂವ ನಾನ," ಎಂದ. "ನನ್ನ ಮ್ಯಾಲೆ ಮೂರು ಗೋಲ ಬಿದ್ದಾವ. ಕಾಲೇಜಿನ ಹೆಸರ ಹೊಡೀಲಿಲ್ಲ ಅವನ್ನ, ಒಂದು ಕಾಲ ಹೊಡೀತು. ಆ ಕಾಲ ದಸ್ತಗೀರಂದು. ಮೋಸ ಆಗಿದ್ರ ನನಗ ಆಗೇತಿ. ಹಾಕ್ರಿ ಅಂತ ನಾನ ಅಂತೀನಿ."

ಆಗ ಗೋಡೆಯ ಬದಿಯಿಂದ ಸೌಂದರ್ಯಾಳ ದನಿ ಬಂತು. "ಆಡಿದವನ ಹೆಸರ ಬರೀರಿ," ಎಂದಳು. ಅಷ್ಟೇ. ಗಂಡನ ಕಡೆ ನೋಡಲಿಲ್ಲ.

ಅಮರ ಬರೆದ. ಪೋಸ್ಟರಿನಲ್ಲಿ ಎಡಬದಿಯ ಅಂಗಿಯ ಚಿತ್ರದ ಕೆಳಗೆ ದಸ್ತಗೀರ, ಬಿಜಾಪುರ ಎಂದು ಬಂತು. ವಿಶ್ವನಾಥ ತನ್ನ ಆಕ್ಷೇಪಣೆಯನ್ನು ಗ್ರೂಪಿನಲ್ಲಿ ಉದ್ದಕ್ಕೆ ಬರೆದು ಹಾಕಿದ, ಯಾರೂ ಪೂರ್ತಿ ಓದಲಿಲ್ಲ. ಬಿಜಾಪುರದಿಂದ ಮರುದಿನ ಒಂದು ಫೋಟೋ ಬಂತು. ಫೋನಿನ ಪರದೆಯಲ್ಲಿ ಪೋಸ್ಟರನ್ನು ಹಿಡಿದು ನಿಂತ ದಸ್ತಗೀರ, ಸುತ್ತ ನಾಲ್ಕಾರು ಮೊಮ್ಮಕ್ಕಳು, ಎಲ್ಲರಿಗಿಂತ ಚಿಕ್ಕವನು ಇನ್ನೂ ನಂಬಿಕೆ ಬಾರದವನ ಹಾಗೆ ಅಜ್ಜನ ಕಾಲನ್ನೇ ನೋಡುತ್ತಿದ್ದ.

ಆದರೆ ಕಥೆ ಎಲ್ಲರಿಗೂ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಒಂದು ಮಧ್ಯಾಹ್ನ ಸೌಂದರ್ಯಾ ಶೇಖರಪ್ಪನಿಗೆ ಫೋನ್ ಮಾಡಿದಳು.

"ನಿಮಗ ಇವರ ಬಗ್ಗೆ ಇನ್ನೇನರೆ ಗೊತ್ತಿದ್ರ ಈಗ ಹೇಳಿಬಿಡ್ರಿ," ಎಂದಳು. "ನಮ್ಮಪ್ಪ ಇವರನ್ನ ಫುಟ್‌ಬಾಲ್ ಸಲುವಾಗಿ ಆರಿಸಿದ್ರು, ಖರೆ. ನಾ ಅದಕ್ಕ ಇವರ ಜೋಡಿ ಇರಲಿಲ್ಲ. ಮನುಷ್ಯಾ ಚಲೋ ಅದಾರ ಅಂತ ಇದ್ದೆ. ಈಗ ಇವರು ಮಾರ್ಕೆಟ್ಟಿಗಿ ಹೋಗಿ ಬರ್ತೀನಿ ಅಂದ್ರೂ, ಹೌದೋ ಇಲ್ಲೋ ಅನಸ್ತದ."

ಜೀವನವಿಡೀ ಶೇಖರಪ್ಪ ಜನರನ್ನು ಹಿಡಿದ ಮೇಲೆ ರೈಲಿನ ಮುಂದಿನ ಡಬ್ಬಿಗೆ ಹೋಗಿಬಿಡುತ್ತಿದ್ದ. ಹಿಡಿದವರ ಮನೆಯಲ್ಲಿ ಆಮೇಲೆ ಏನಾಗುತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. "ಮತ್ತೇನೂ ಇಲ್ಲರಿ ತಂಗಿ," ಎಂದ. "ಇದ್ದಿದ್ರ ನನಗ ಸಿಗತಿತ್ತು. ನನ್ನ ಕಣ್ಣ ತಪ್ಪಸೂದು ಸುಲಭ ಅಲ್ಲ." ಅವಳು ಸಣ್ಣಗೆ ನಕ್ಕಳು.

ಸೆಪ್ಟೆಂಬರಿನಿಂದ ಅವನು ಶನಿವಾರಗಳಂದು ನಿಜಲಿಂಗಪ್ಪನನ್ನು ಹ್ಯಾರೋದ ಮೈದಾನಕ್ಕೆ ಬರಹೇಳಿದ. ಅಲ್ಲಿ ಸ್ಥಳೀಯ ಹುಡುಗರ ಪಂದ್ಯಗಳಿರುತ್ತಿದ್ದವು. ಇಬ್ಬರೂ ಜಾಕೆಟ್ಟಿನ ಕಾಲರ್ ಏರಿಸಿಕೊಂಡು ಗೆರೆಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಮೊದಲನೇ ಶನಿವಾರ ಲೈನ್ಸ್‌ಮನ್ ಬಾವುಟ ಎತ್ತಿದಾಗ, ನಿಜಲಿಂಗಪ್ಪ ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ.

"ಶೇಖರಪ್ಪನವರ, ಈ ಆಫ್‌ಸೈಡ್ ಅಂದ್ರ ಏನ್ರಿ?"

ಶೇಖರಪ್ಪ ಅವನ ಮುಖವನ್ನೇ ನೋಡಿದ.

"ಖರೆ ಕೇಳ್ಲಿಕತ್ತೀನ್ರಿ. ಇಷ್ಟು ವರ್ಷ ಯಾರನ್ನ ಕೇಳ್ಲಿ? ಕೇಳಿದ್ರ ಸಿಕ್ಕಬೀಳ್ತಿದ್ದೆ. ಟಿವಿ ಮುಂದ ಮಾವನವರ ಪಕ್ಕದಾಗ ಕೂತು, ಅವರು ಆಫ್‌ಸೈಡ್ ಅಂದ್ರ ನಾನೂ ಆಫ್‌ಸೈಡ್ ಅನ್ನೂದು."

ಶೇಖರಪ್ಪ ಹುಲ್ಲಿನ ಮೇಲೆ ಬೂಟಿನ ತುದಿಯಿಂದ ಗೆರೆ ಎಳೆದು, ಇಲ್ಲಿ ಒಬ್ಬ, ಅಲ್ಲಿ ಒಬ್ಬ ಎಂದು ತೋರಿಸಿ ವಿವರಿಸಿದ. ನಿಜಲಿಂಗಪ್ಪ ಎಕ್ಸ್‌ರೇ ನೋಡುವವನ ಹಾಗೆ ಬಗ್ಗಿ ನೋಡಿದ. ತಲೆಯಾಡಿಸಿದ. ಮತ್ತೆ ಕೇಳಿದ. ಮತ್ತೆ ತಲೆಯಾಡಿಸಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಕಿರಿದಾಗಿಸಿ, "ನೀವು ನನಗ ಖರೇನ ಹೇಳ್ಲಿಕತ್ತೀರಿಲ್ಲೋ? ಮತ್ತ ಮಳೀದಾಗಿನ ಆಟ ಅಲ್ಲ ಹೌದಿಲ್ಲೋ?" ಎಂದ.

"ಖರೆ ಅದ ಮಾರಾಯಾ," ಎಂದು ಶೇಖರಪ್ಪ ನಕ್ಕ. ನಗುತ್ತಲೇ ಅವನ ಕಣ್ಣು ಮೈದಾನದತ್ತ ಹೋಯಿತು. ಲೈನ್ಸ್‌ಮನ್ ಮತ್ತೆ ಬಾವುಟ ಎತ್ತಿದ್ದ. "ನೋಡಿದ್ರೇನು? ಈ ಸಲ ಆಫ್‌ಸೈಡ್ ಆಗಿರಲೇ ಇಲ್ಲ. ಆ ಲೈನ್ಸ್‌ಮನ್ ಮ್ಯಾಲೆ ನನಗ ಬೆಳಿಗ್ಗಿಂದ ಸಂಶಯ ಐತಿ."